ಗಂಡು ಮರಿ ಇದೆಯೇ ಮೇಡಂ?

ಮೂರು ಬಣ್ಣದ ಬೆಕ್ಕೇ ಬೇಕಂತೆ, ಅದರಲ್ಲೂ ಗಂಡೇ ಆಗಬೇಕಂತೆ! ಈ ಭಾನುವಾರ ತೀರ್ಥಹಳ್ಳಿ ಕಡೆಯಿಂದ ಕಾರು ಮಾಡಿಕೊಂಡು ನಮ್ಮ ಬೆಕ್ಕುಗಳ ಆಶ್ರಯಧಾಮಕ್ಕೆ ಬಂದಿದ್ದ ದಂಪತಿಯ ಬೇಡಿಕೆ ಇದು. ಬಿಳಿ, ಕಪ್ಪು, ಕೇಸರಿ ಮೂರೂ ಇರುವ ಬೆಕ್ಕು ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆ ಎಂದು ಯಾರೋ ಹೇಳಿದ್ದಾರೆ. ಲಕ್ಷ್ಮಿ ಬರಲಿ, ಆದರೆ ಹೆಣ್ಣು ಬೆಕ್ಕಿನ ಬೆನ್ನೇರಿ ಬರುವುದು ಬೇಡ.

ತಾಳ್ಮೆಯಿಂದಲೇ ವಿವರಿಸಿದೆ. ಕೇಸರಿ ಬಣ್ಣ ಕೊಡುವ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಒಂದೇ ಎಕ್ಸ್, ಹಾಗಾಗಿ ಕೇಸರಿಯೋ ಕಪ್ಪೋ ಯಾವುದಾದರೂ ಒಂದು. ಎರಡೂ ಒಂದೇ ಮೈಮೇಲೆ ಬರಬೇಕಾದರೆ ಎರಡು ಎಕ್ಸ್ ಬೇಕು, ಅಂದರೆ ಹೆಣ್ಣೇ ಆಗಿರಬೇಕು. ತೀರಾ ಅಪರೂಪಕ್ಕೆ ಮೂರು ಬಣ್ಣದ ಗಂಡು ಹುಟ್ಟಿದರೂ ಅದಕ್ಕೆ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಿಗೆ ಇರುತ್ತದೆ. ಆ ಯಜಮಾನರು ಎಲ್ಲವನ್ನೂ ತಲೆಯಾಡಿಸಿ ಕೇಳಿ, "ಹಾಗಾದರೆ ಮುಂದಿನ ತಿಂಗಳು ಬಂದರೆ ಸಿಗಬಹುದೇ?" ಎಂದರು. ಆ ಜೀನ್ ಯಾವುದೆಂದು ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ್ದೇ ಮೊನ್ನೆ ಮೊನ್ನೆ, 2025ರಲ್ಲಿ. ನಮ್ಮವರಿಗೆ ಅಷ್ಟೆಲ್ಲ ತಾಪತ್ರಯ ಇಲ್ಲ. ಸಂತೆಯಲ್ಲಿ ಬದನೆಕಾಯಿಯ ತೊಟ್ಟು ಹಿಡಿದು ತಿರುಗಿಸಿ ಹುಳ ಹುಡುಕುವ ಹಾಗೆ ಮರಿಯ ಬಾಲ ಎತ್ತಿ ನೋಡುತ್ತಾರೆ, ಮುಗಿಯಿತು.

ಆ ಬಾಲ ಎತ್ತುವುದಿದೆಯಲ್ಲ, ನನಗೆ ಮೈಯೆಲ್ಲ ಉರಿಯುವುದು ಅಲ್ಲಿ. ಮರಿ ಅವರ ಕೈ ಮೂಸಿ ನೋಡುತ್ತಿರುತ್ತದೆ, ಪರಿಚಯ ಮಾಡಿಕೊಳ್ಳಲು ಹಣೆ ಉಜ್ಜಲು ಬರುತ್ತದೆ. ಇವರು ಮುಖವನ್ನೇ ನೋಡಿರುವುದಿಲ್ಲ, ಆಗಲೇ ಹಿಂಬದಿಯ ತಪಾಸಣೆ. ತಮಾಷೆಯೆಂದರೆ, ಐದಾರು ವಾರದ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದಕ್ಕೆ ಪಳಗಿದ ಕಣ್ಣೇ ಬೇಕು. ಗಂಡೆಂದು ಸಂಭ್ರಮದಿಂದ ಒಯ್ದು 'ರಾಜ' ಎಂದು ಹೆಸರಿಟ್ಟ ಬೆಕ್ಕುಗಳು ಅಟ್ಟದ ಮೇಲೆ ಹೆತ್ತ ಕಥೆ ಮಲೆನಾಡಿನಲ್ಲಿ ಮನೆಗೊಂದಾದರೂ ಸಿಗುತ್ತದೆ.

"ಹೆಣ್ಣಾದರೆ ಮರಿ ಹಾಕುತ್ತದೆ, ಯಾರು ನೋಡಿಕೊಳ್ಳುವುದು?" ಇದು ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ವಾದ. ಸುಳ್ಳು ವಾದವಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾಲ್ಕೈದು ತಿಂಗಳಿಗೇ ಹೆಣ್ಣು ಬೆದೆಗೆ ಬರಬಹುದು, ಗರ್ಭ ಸುಮಾರು ಒಂಬತ್ತು ವಾರ, ಮೊದಲಿನ ಮರಿಗಳು ಮೊಲೆ ಬಿಡುವ ಮುಂಚೆಯೇ ಮತ್ತೆ ಗರ್ಭ ಕಟ್ಟಬಹುದು. ಮರಿಯಾಗದಂತೆ ಮಾಡಿಸುವ ಶಸ್ತ್ರಚಿಕಿತ್ಸೆಗೆ ಹೆಣ್ಣಿನ ಹೊಟ್ಟೆ ಕೊಯ್ಯಬೇಕು, ಖರ್ಚು ಗಂಡಿಗಿಂತ ಹೆಚ್ಚು. ಹೊಸನಗರದ ಒಳಗಿನ ಹಳ್ಳಿಯಿಂದ ಜಡಿಮಳೆಯಲ್ಲಿ ಬೆಕ್ಕನ್ನು ಬಸ್ಸಿಗೆ ಹತ್ತಿಸಿಕೊಂಡು ಶಿವಮೊಗ್ಗಕ್ಕೆ ಬನ್ನಿ ಎಂದು ಇಲ್ಲಿ ಕುಳಿತು ಹೇಳುವುದು ನನಗೆ ಸುಲಭ. ಒಪ್ಪಿದೆ ಮಾರಾಯರೇ, ಎಲ್ಲ ಒಪ್ಪಿದೆ. ಆದರೆ ನಮ್ಮಲ್ಲಿರುವ ದೊಡ್ಡ ಹೆಣ್ಣು ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಆಗಿಹೋಗಿದೆಯಲ್ಲ! ಖರ್ಚು ನಿಮ್ಮದಲ್ಲ, ಓಡಾಟ ನಿಮ್ಮದಲ್ಲ, ಮರಿ ಹಾಕುವ ಪ್ರಶ್ನೆಯೇ ಇಲ್ಲ. ಈಗಲಾದರೂ ಒಯ್ಯುತ್ತೀರಾ ಎಂದರೆ ಬರುವ ಉತ್ತರ ಕೇಳಿ: "ಅಯ್ಯೋ ಪಾಪ, ಅದರ ತಾಯ್ತನವನ್ನೇ ಕಿತ್ತುಕೊಂಡಿರಲ್ಲ!" ಮರಿ ಹಾಕಿದರೆ ಬೇಡ, ಹಾಕದಿದ್ದರೆ ಪಾಪ.

ಹೀಗೆ ಅಂದವರಲ್ಲಿ ಒಬ್ಬರು ಪ್ರವಚನ ತಪ್ಪಿಸದ ಹಿರಿಯರು. ದೇವರು ಭಕ್ತನನ್ನು ಕಾಪಾಡುವುದು ತಾಯಿ ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋದಂತೆ ಎಂದು ನನಗೇ ಮಾರ್ಜಾಲ ಕಿಶೋರ ನ್ಯಾಯ ವಿವರಿಸಿದರು. ಪ್ರವಚನಕ್ಕೆ ತಾಯಿ ಬೆಕ್ಕು, ಮನೆಗೆ ಗಂಡು ಬೆಕ್ಕು.

ಗಂಡನ್ನು ಒಯ್ದವರಾದರೂ ಸುಖವಾಗಿದ್ದಾರೆಯೇ? "ಗಂಡಲ್ಲವೇ, ಅದಕ್ಕೇಕೆ ಆಪರೇಷನ್?" ಎಂದು ಹಾಗೆಯೇ ಬಿಡುತ್ತಾರೆ. ವರ್ಷ ತುಂಬುವುದರೊಳಗೆ ಅದು ಕಂಬ, ಬಾಗಿಲು, ಅಡಿಕೆ ಮೂಟೆ ಎಲ್ಲದಕ್ಕೂ ಉಚ್ಚೆ ಸಿಡಿಸುತ್ತದೆ, ರಾತ್ರಿಯೆಲ್ಲ ಊರು ಸುತ್ತುತ್ತದೆ, ಕಾದಾಡಿ ಕೆನ್ನೆಯಲ್ಲಿ ಕೀವು ತುಂಬಿಸಿಕೊಂಡು ಬರುತ್ತದೆ, ಒಂದು ದಿನ ಬರುವುದೇ ಇಲ್ಲ. ಆಗ ಫೋನ್: "ಮೇಡಂ, ಮೊದಲಿನದು ಎಲ್ಲೋ ಹೋಯಿತು, ಇನ್ನೊಂದು ಗಂಡು ಮರಿ ಇದೆಯೇ?" ಇಲಿಗಾಗಿ ಸಾಕುವವರಿಗೆ ಇನ್ನೂ ಒಂದು ಮಾತು. ಬೇಟೆಯಲ್ಲಿ ಹೆಣ್ಣೇನೂ ಹಿಂದೆ ಬಿದ್ದದ್ದಲ್ಲ. ನಿಮ್ಮ ಅಜ್ಜಿಯ ಕಾಲದಲ್ಲಿ ಕಣಜ ಕಾದ ಬೆಕ್ಕುಗಳಲ್ಲಿ ಎಷ್ಟು ಹೆಣ್ಣಿದ್ದವು ಎಂದು ಅಮ್ಮನನ್ನು ಕೇಳಿ ನೋಡಿ.

ಇನ್ನು ಮನೆಯಲ್ಲೇ ಹುಟ್ಟಿದ ಹೆಣ್ಣು ಮರಿಗಳ ಗತಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಗೋಣಿಚೀಲ, ರಟ್ಟಿನ ಪೆಟ್ಟಿಗೆ, ಮೀನು ಮಾರುಕಟ್ಟೆಯ ಹಿಂಬದಿ, ಇಲ್ಲವೇ ಹೊಳೆಯಾಚೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ ಐವತ್ತರವರೆಗೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಮಸಾಲೆ ದೋಸೆ ತಿಂದು ಏಳುವುದಕ್ಕೆ ಇದಕ್ಕಿಂತ ಹೆಚ್ಚು ಕೊಡಬೇಕು. ಹೀಗೆ ಬಿಟ್ಟ ಮೂರು ಹೆಣ್ಣಿನಲ್ಲಿ ಒಂದು ಬದುಕಿದರೂ ಅದು ಮಾರುಕಟ್ಟೆಯಲ್ಲೇ ಹೆರುತ್ತದೆ. ಆ ಮರಿಗಳ ಅಪ್ಪ ಯಾರೆಂದು ಹುಡುಕಲು ದೂರ ಹೋಗಬೇಕಾಗಿಲ್ಲ. ಯಾರದೋ ಮನೆಯ ಸೋಫಾದ ಮೇಲೆ, ಆಪರೇಷನ್ ಇಲ್ಲದೆ, ರಾಜನಂತೆ ಮಲಗಿರುತ್ತಾನೆ.

ಬೆಕ್ಕಿನ ವಿಷಯಕ್ಕೆ ಹೆಣ್ಣುಮಕ್ಕಳ ಮಾತು ಬೆರೆಸಬೇಡ ಎಂದು ನನ್ನ ಗಂಡ ಈಗಾಗಲೇ ಎಚ್ಚರಿಸಿದ್ದಾರೆ. ಬೆರೆಸುವುದಿಲ್ಲ. ಆದರೆ ನಾನು ಮನೆಗೆ ಮೂರನೆಯ ಹೆಣ್ಣಾಗಿ ಹುಟ್ಟಿದವಳು. ಆಸ್ಪತ್ರೆಗೆ ನೋಡಲು ಬಂದ ಅತ್ತೆಯೊಬ್ಬರು "ಇದೂ ಹೆಣ್ಣೇ?" ಎಂದು ಕೇಳಿ ಬಾಳೆಹಣ್ಣಿನ ಚೀಲವನ್ನು ಕೆಳಗಿಡದೆ ಹಾಗೆಯೇ ವಾಪಸು ಹೋದರೆಂದು ಅಮ್ಮ ಇಂದಿಗೂ ನಗುತ್ತಾ ಹೇಳುತ್ತಾಳೆ. ಅಮ್ಮನಿಗೆ ನಗು ಬರುತ್ತದೆ, ನನಗೆ ಬರುವುದಿಲ್ಲ. ಹಾಗಾಗಿ ಬಾಲ ಎತ್ತಿದ ಕೈ ಮರಿಯನ್ನು ಸರಕ್ಕನೆ ಕೆಳಗಿಟ್ಟು "ಛೆ, ಹೆಣ್ಣು" ಎಂದಾಗ ನನ್ನ ದನಿ ಸ್ವಲ್ಪ ಏರಿದರೆ ಕ್ಷಮಿಸಿ. ಅಥವಾ ಕ್ಷಮಿಸಬೇಡಿ, ನನಗೇನು.

ಆ ದಂಪತಿ ಬೇಡವೆಂದದ್ದು ಚಿತ್ತಾರಳನ್ನು. ಮೈಮೇಲಿನ ಬಣ್ಣ ನೋಡಿ ಸಾಗರ ಕಡೆಯ ಹುಡುಗಿಯೊಬ್ಬಳು ಇಟ್ಟ ಹೆಸರು. ಎಡಗಣ್ಣಿನ ಸುತ್ತ ಕಪ್ಪು, ಬಲಗಿವಿಯ ತುದಿಯಲ್ಲಿ ಮಾತ್ರ ಕೇಸರಿ, ಹೊಟ್ಟೆಯ ಪಕ್ಕ ಬೋಳಿಸಿದ ಜಾಗದಲ್ಲಿ ಈಗಷ್ಟೇ ಕೂದಲು ಚಿಗುರುತ್ತಿದೆ. ನಾವು ಟ್ರೇಯ ಮರಳು ಬದಲಿಸುವಾಗ ಪಕ್ಕದಲ್ಲೇ ಕುಳಿತು ಮೇಲ್ವಿಚಾರಣೆ ನಡೆಸುತ್ತಾಳೆ, ಮರಳು ಸಮವಾದ ತಕ್ಷಣ ಒಳಗಿಳಿದು ಉದ್ಘಾಟನೆ ಮಾಡುತ್ತಾಳೆ. ಎತ್ತಿಕೊಂಡರೆ ಸಿಡಿಮಿಡಿ, ನೆಲದ ಮೇಲೆ ಕುಳಿತರೆ ತಾನಾಗಿ ಬಂದು ಮಡಿಲೇರುತ್ತಾಳೆ.

ಅವಳು ಇನ್ನೂ ಇಲ್ಲೇ ಇದ್ದಾಳೆ. ಜೊತೆಗೆ ಬೂದು ಬಣ್ಣದ ಅಕ್ಕತಂಗಿಯರಿಬ್ಬರು. ಅವರನ್ನು ಬೇರೆ ಮಾಡುವುದಿಲ್ಲ, ಒಯ್ದರೆ ಇಬ್ಬರನ್ನೂ ಒಯ್ಯಬೇಕು. ಮೂವರಿಗೂ ಶಸ್ತ್ರಚಿಕಿತ್ಸೆ ಆಗಿದೆ, ಲಸಿಕೆ ಹಾಕಿಸಿದೆ. ಭಾನುವಾರ ಹತ್ತು ಗಂಟೆಯ ಮೇಲೆ ಬನ್ನಿ. ಚೀಲ ಬೇಡ, ಗಾಳಿಯಾಡುವ ಮುಚ್ಚಳದ ಬುಟ್ಟಿ ತನ್ನಿ. ಮನೆಯಲ್ಲಿ ಮೊದಲ ಒಂದು ವಾರ ಒಂದೇ ಕೋಣೆಯಲ್ಲಿಡಿ, ಆ ಕೋಣೆಗೆ ಫಿನಾಯಿಲ್ ಹಾಕಿ ಒರೆಸಬೇಡಿ, ಬೆಕ್ಕಿಗೆ ಅದು ವಿಷ. ಬಾಗಿಲಲ್ಲೇ ಗಂಡು ಮರಿ ಕೇಳುವವರಿದ್ದರೆ ಕೇಳಿ, ಇಲ್ಲ ಎನ್ನುವುದಿಲ್ಲ. ಆದರೆ ಅದಕ್ಕೂ ಆಪರೇಷನ್ ಮಾಡಿಸುತ್ತೇನೆ ಎಂದು ಸಹಿ ಹಾಕದೆ ಗೇಟು ದಾಟಲು ಬಿಡುವುದಿಲ್ಲ.