ನಾನೆಂಬ ಪ್ಲ್ಯಾನ್ ಬಿ

ಸೋಮವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲೆಂದು ಕಾರಿನ ಬಾಗಿಲು ತೆಗೆದರೆ, ಹಿಂದಿನ ಸೀಟಿನ ಕೆಳಗಿನಿಂದ ಅರ್ಧ ಕಚ್ಚಿದ ಮೀಟ್ ಪೈ ಒಂದು ಸಾಸಿನ ಸಮೇತ ನನ್ನನ್ನೇ ನೋಡುತ್ತಿತ್ತು. ಹುಟ್ಟಿದಾರಭ್ಯ ಮಾಂಸ ಮುಟ್ಟದವನ, ಹಬ್ಬಕ್ಕೂ ಮದ್ಯ ಸೋಕಿಸದವನ ಕಾರು ಹೀಗೆ ವಾರಕ್ಕೊಮ್ಮೆ ಪಬ್ಬಿನ ಹಿತ್ತಲಿನಂತೆ ನಾರುವುದೇಕೆಂದು ಹೆಂಡತಿ ಕೇಳುವುದನ್ನು ನಿಲ್ಲಿಸಿದ್ದಾಳೆ. "ರೀ, ಈ ಸಲ ಸೀಟಿನ ಕವರನ್ನು ನೀವೇ ಒಗೆಯಿರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಇದಕ್ಕೆಲ್ಲ ಮೂಲ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ರಸ್ತೆ ಸುರಕ್ಷತೆಯ ಪ್ರಚಾರ. ಕುಡಿಯಲು ಹೊರಡುವ ಮೊದಲೇ ಮನೆಗೆ ಮರಳುವ ಉಪಾಯವೊಂದನ್ನು, ಅಂದರೆ 'ಪ್ಲ್ಯಾನ್ ಬಿ'ಯೊಂದನ್ನು ಮಾಡಿಟ್ಟುಕೊಳ್ಳಿ ಎಂಬುದು ಅದರ ಸಾರ. ಟ್ಯಾಕ್ಸಿ ಹಿಡಿಯಿರಿ, ಬಸ್ಸು ಹತ್ತಿ, ಗೆಳೆಯರ ಮನೆಯಲ್ಲೇ ಮಲಗಿ, ಇಲ್ಲವೇ ಕುಡಿಯದವರೊಬ್ಬರು ಕಾರು ಓಡಿಸಲಿ ಎನ್ನುವ ಈ ಪ್ರಚಾರವೇ ಹಳ್ಳಿ-ಪಟ್ಟಣಗಳ ತಂಡಗಳು ಆಡುವ 'ರೀಜನಲ್ ಬ್ಯಾಷ್' ಎಂಬ ಟಿ20 ಪಂದ್ಯಾವಳಿಗೆ ತನ್ನ ಹೆಸರನ್ನು ಕೊಟ್ಟಿತು. ಗೆದ್ದು ಮುಂದೆ ಹೋದವರಿಗೆ ಸಿಡ್ನಿಯ ದೊಡ್ಡ ಮೈದಾನದ ಹುಲ್ಲು ಮೆಟ್ಟುವ ಭಾಗ್ಯ. ನಾನಿರುವ ಡಬ್ಬೊ ಪಟ್ಟಣದ ಸುತ್ತಲಿನ ತಂಡದ ಹೆಸರು 'ಒರಾನಾ ಔಟ್‌ಲಾಸ್'. ಕಾನೂನು ಪಾಲಿಸಿ ಎಂದು ಬೇಡಿಕೊಳ್ಳುವ ಇಲಾಖೆಯ ಹೆಸರಿನಲ್ಲಿ ಕಾನೂನುಭ್ರಷ್ಟರೆಂಬ ಹೆಸರಿಟ್ಟುಕೊಂಡವರು ಆಡುವುದನ್ನು ಇಲ್ಲಿ ಯಾರೂ ವಿಚಿತ್ರವೆಂದು ಭಾವಿಸಿದಂತಿಲ್ಲ.

ನಾನು ಆ ತಂಡದಲ್ಲಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ವೇಗದ ಬೌಲರ್ ಗ್ಲೆನ್ ಮೆಕ್‌ಗ್ರಾ ಹುಟ್ಟಿದ ಊರಿನ ನೀರು ಕುಡಿದರೂ ನನ್ನ ಬೌಲಿಂಗ್ ಸುಧಾರಿಸಲಿಲ್ಲ. ಊರಿನ ಕ್ಲಬ್ಬೊಂದರ ಮೂರನೇ ದರ್ಜೆಯ ತಂಡದಲ್ಲಿ ಹನ್ನೊಂದನೆಯವನಾಗಿ ಬ್ಯಾಟು ಹಿಡಿಯುತ್ತೇನೆ. ಇದೇ ಸರ್ಕಾರದ ಇನ್ನೊಂದು ರಸ್ತೆ ಪ್ರಚಾರದ ಹೆಸರು 'ಟುವರ್ಡ್ಸ್ ಝೀರೋ'. ಸಾವಿನ ಸಂಖ್ಯೆ ಸೊನ್ನೆಯಾಗಲಿ ಎಂಬುದು ಅದರ ಆಶಯವಾದರೂ, ಆ ಫಲಕ ಕಂಡಾಗಲೆಲ್ಲ ನನ್ನ ಬ್ಯಾಟಿಂಗಿನ ಬಗ್ಗೆಯೇ ಬರೆದಂತೆ ತೋರುತ್ತದೆ. ಹೀಗಿದ್ದೂ ಕ್ಲಬ್ಬು ನನ್ನನ್ನು ಕೈಬಿಟ್ಟಿಲ್ಲವೆಂದರೆ ಕಾರಣ ಕ್ರಿಕೆಟ್ ಅಲ್ಲ. ಹನ್ನೊಂದು ಜನರಲ್ಲಿ ಕುಡಿಯದವನು ನಾನೊಬ್ಬನೇ.

ಕಳೆದ ಭಾನುವಾರ ಔಟ್‌ಲಾಸ್ ತಂಡದ ಪಂದ್ಯ ಆರೆಂಜ್ ಪಟ್ಟಣದ ವೇಡ್ ಪಾರ್ಕಿನಲ್ಲಿತ್ತು. ಡಬ್ಬೊದಿಂದ ಅಲ್ಲಿಗೆ ವೆಲಿಂಗ್ಟನ್, ಮೊಲಾಂಗ್ ದಾಟಿಕೊಂಡು ಸುಮಾರು 150 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿನಷ್ಟು. ಆದರೆ ನಡುವೆ ಮದ್ದೂರು ವಡೆ ಸಿಗುವುದಿಲ್ಲ. ಇಷ್ಟು ದೂರಕ್ಕೆ ಟ್ಯಾಕ್ಸಿಯವನು ಬರುವುದಿಲ್ಲ, ಕ್ಲಬ್ಬುಗಳು ಗಿರಾಕಿಗಳನ್ನು ಮನೆಗೆ ಮುಟ್ಟಿಸುವ ಪುಕ್ಕಟೆ ಬಸ್ಸು ಊರಿನ ಗಡಿ ದಾಟುವುದಿಲ್ಲ. ಪ್ರಚಾರದವರು ಪಟ್ಟಿ ಮಾಡಿದ ಉಪಾಯಗಳೆಲ್ಲ ಒಂದೊಂದಾಗಿ ಉದುರಿ ಕೊನೆಗೆ ಉಳಿಯುವುದು ನನ್ನ ಟೊಯೋಟಾ. ನಮ್ಮ ವಿಕೆಟ್ ಕೀಪರ್ ಮುಂದಿನ ಸೀಟಿನಲ್ಲಿ, ಇನ್ನು ಮೂವರು ಹಿಂದೆ. ಮೈದಾನದಲ್ಲಿ ಯಾರೋ ಹಂಚುತ್ತಿದ್ದ 'ಪ್ಲ್ಯಾನ್ ಬಿ' ಎಂದು ಬರೆದ ಟೋಪಿಯನ್ನು ಕೀಪರ್ ತಂದು, ಮೈಸೂರು ಪೇಟ ತೊಡಿಸುವ ಗಾಂಭೀರ್ಯದಿಂದ ನನ್ನ ತಲೆಗಿಟ್ಟ. ಆಮೇಲೆ ಪಂದ್ಯ ಮುಗಿಯುವವರೆಗೂ ಅವರು ಬಿಯರನ್ನೂ ನಾನು ನಿಂಬೆ ಸೋಡಾವನ್ನೂ ಹೀರುತ್ತ ಕುಳಿತೆವು. ಆಟದ ಬಗ್ಗೆ ಹೇಳುವುದೇನೂ ಇಲ್ಲ. ಮರಳುವ ದಾರಿಯ ಚಿಂತೆಯಲ್ಲಿ ನಾನು ಅರ್ಧದಷ್ಟನ್ನೂ ನೋಡಲಿಲ್ಲ.

ರಾತ್ರಿಯ ಹೆದ್ದಾರಿಯಲ್ಲಿ ಕಾಂಗರೂಗಳ ಭಯ. ನಮ್ಮೂರ ಎಮ್ಮೆ ರಸ್ತೆಯ ನಡುವೆ ನಿಂತರೆ ನಿಂತಿತು, ಅದರ ನಿಲುವು ಸ್ಪಷ್ಟ. ಕಾಂಗರೂ ಎತ್ತ ಹಾರುತ್ತದೆಂಬುದು ಕಾಂಗರೂವಿಗೇ ಗೊತ್ತಿರುವುದಿಲ್ಲ. ನಾನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಎಂಬತ್ತರಲ್ಲಿ ಹೋಗುತ್ತಿದ್ದರೆ, ಕೀಪರ್ ತಾನು ಎಂದೋ ಹಿಡಿದ ಕ್ಯಾಚೊಂದನ್ನು ಕೈಸನ್ನೆ ಸಮೇತ ಮೂರನೆಯ ಬಾರಿ ಹಿಡಿಯುತ್ತಿದ್ದ. ಮೊಲಾಂಗ್ ಹತ್ತಿರ ಬಂದಾಗ ನೀಲಿ-ಕೆಂಪು ದೀಪಗಳು ಕಂಡವು. ಈ ರಾಜ್ಯದಲ್ಲಿ 1982ರ ಡಿಸೆಂಬರ್‌ನಿಂದಲೂ ಪೊಲೀಸರು ಯಾವ ಕಾರನ್ನಾದರೂ ನಿಲ್ಲಿಸಿ ಚಾಲಕನ ಉಸಿರು ಪರೀಕ್ಷಿಸಬಹುದು. ರಕ್ತದಲ್ಲಿ ಮದ್ಯದ ಅಂಶ 0.05 ಮುಟ್ಟಿತೋ, ಸಿಕ್ಕಿಬಿದ್ದಂತೆ. ಯುವ ಅಧಿಕಾರಿಯೊಬ್ಬಳು ಬಂದು ಯಂತ್ರವನ್ನು ನನ್ನ ಬಾಯಿಯ ಮುಂದೆ ಹಿಡಿದು, ಒಂದರಿಂದ ಹತ್ತರವರೆಗೆ ಎಣಿಸಿ ಎಂದಳು.

ಪೊಲೀಸರೆಂದರೆ ತಪ್ಪಿಲ್ಲದಿದ್ದರೂ ಗಂಟಲು ಒಣಗುವ ತಲೆಮಾರಿನವನು ನಾನು. ಹನ್ನೆರಡು ವರ್ಷಗಳಿಂದ ಇಂಗ್ಲಿಷಿನಲ್ಲೇ ಅನ್ನ ಸಂಪಾದಿಸುತ್ತಿದ್ದರೂ ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಅರಸೀಕೆರೆಯ ಪ್ರಾಥಮಿಕ ಶಾಲೆ. ಕೈಕಟ್ಟಿ ನಿಂತು ಮಗ್ಗಿ ಒಪ್ಪಿಸುವ ಅದೇ ರಾಗದಲ್ಲಿ "ಒಂದೂ, ಎರಡೂ, ಮೂರೂ" ಎಂದು ಶುರುಮಾಡಿಬಿಟ್ಟೆ. ಅಧಿಕಾರಿಣಿಯ ಹುಬ್ಬು 'ನಾಲ್ಕೂ' ಎಂಬಲ್ಲಿ ಮೇಲೇರಿತು. 'ಏಳೂ' ಹೊತ್ತಿಗೆ ಆಕೆ ಟಾರ್ಚನ್ನು ನನ್ನ ಕಣ್ಣಿಗೆ ಬಿಟ್ಟಿದ್ದಳು. ತೊದಲುವ ಕುಡುಕನಿಗೂ ಕನ್ನಡ ಎಣಿಸುವವನಿಗೂ ಇರುವ ವ್ಯತ್ಯಾಸವನ್ನು ಆಕೆಗೆ ಯಾರೂ ತರಬೇತಿಯಲ್ಲಿ ಹೇಳಿಕೊಟ್ಟಿರಲಿಕ್ಕಿಲ್ಲ. ಇಷ್ಟಕ್ಕೇ ಮುಗಿಯಬಹುದಿತ್ತೇನೋ. ಆದರೆ ನನಗೆ ಎಣಿಕೆ ಮರೆತುಹೋಗಿದೆಯೆಂದು ಭಾವಿಸಿದ ಕೀಪರ್, ನೆರವಾಗುವ ಸದ್ಬುದ್ಧಿಯಿಂದ ನನ್ನ ಭುಜದ ಮೇಲೆ ಒರಗಿ, ಯಂತ್ರಕ್ಕೆ ನೇರವಾಗಿ "ಏಯ್ಟ್! ನೈನ್! ಟೆನ್!" ಎಂದು ಕೂಗಿದ. ಹಿಂದಿನ ಮೂವರೂ ದನಿಗೂಡಿಸಿ ಹದಿಮೂರರವರೆಗೆ ಹೋದರು. ಆರು ಗಂಟೆಗಳ ಬಿಯರ್ ಒಂದೇ ಉಸಿರಿನಲ್ಲಿ ಬಂದಾಗ ಯಂತ್ರವಾದರೂ ಏನು ಮಾಡೀತು? ಕಿರುಚಿಕೊಂಡಿತು.

ನನ್ನನ್ನು ಕೆಳಗಿಳಿಸಿ, ಹೊಸ ಕೊಳವೆ ಸಿಕ್ಕಿಸಿ, ಸಾಕೆನ್ನುವವರೆಗೆ ಒಂದೇ ಸಮನೆ ಊದಿ ಎಂದರು. ಟೋಪಿಯ ಮೇಲಿನ ಅಕ್ಷರಗಳನ್ನು ಟಾರ್ಚಿನ ಬೆಳಕಿನಲ್ಲಿ ಓದಿದ ಆಕೆ ತುಟಿ ಕಚ್ಚಿ ನಗು ತಡೆದದ್ದು ನನಗೆ ಕಾಣಿಸಿತು. ಯಂತ್ರ ಯೋಚಿಸಿ ಯೋಚಿಸಿ ಸೊನ್ನೆ ತೋರಿಸಿತು. ಆಕೆ ಅದನ್ನು ಗಟ್ಟಿಯಾಗಿ ಓದಿದ್ದೇ ತಡ, ಕಾರಿನ ಕಿಟಕಿಯಿಂದ ಕೀಪರಿನ ತಲೆ ಹೊರಬಂತು: "ನಿನ್ನೆ ಬ್ಯಾಟಿಂಗಿನಲ್ಲೂ ಇವನದು ಅಷ್ಟೇ, ಮೇಡಂ!"

ಉಳಿದ ನೂರಹದಿನೈದು ಕಿಲೋಮೀಟರನ್ನು ನಾನು ಮಾತಿಲ್ಲದೆ ಓಡಿಸಿದೆ. ವೆಲಿಂಗ್ಟನ್ ದಾಟುವ ಹೊತ್ತಿಗೆ ನಾಲ್ವರೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ನಮ್ಮೂರಿನ ಟೆನಿಸ್ ಬಾಲ್ ಟೂರ್ನಿಯ ಕಪ್ಪನ್ನು ಪ್ರತಿವರ್ಷ ಕೊಡುತ್ತಿದ್ದವರು ಒಬ್ಬ ಬಾರ್ ಮಾಲೀಕರು. ಗೆದ್ದರೂ ಸೋತರೂ ಮರಳುವಾಗ ಒಂದೇ ಟಿವಿಎಸ್ ಗಾಡಿಯಲ್ಲಿ ಮೂವರು, ಅಡ್ಡಲಾಗಿ ಬ್ಯಾಟುಗಳು, ಹೆಲ್ಮೆಟ್ಟೆಂಬ ವಸ್ತುವನ್ನು ವೇಗದ ಬೌಲರ್‌ಗಾಗಿ ಕಂಡುಹಿಡಿದದ್ದೆಂದೇ ನಂಬಿದ್ದೆವು. ನಡುವೆ ಕೂರುತ್ತಿದ್ದ ನಮ್ಮ ಆಫ್ ಸ್ಪಿನ್ನರ್ ಆಮೇಲೊಂದು ರಾತ್ರಿ, ನಾನು ಊರಿನಲ್ಲಿಲ್ಲದಾಗ, ಅದೇ ರಸ್ತೆಯಲ್ಲಿ ಉಳಿದುಬಿಟ್ಟ. ಕೀಪರ್ ಫೋನು ಮಾಡಿ "ಭಾನುವಾರ ಬಿಡುವಾಗಿದ್ದೀಯಾ?" ಎಂದಾಗ ಇಲ್ಲವೆನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಎಲ್ಲರನ್ನೂ ಇಳಿಸಿ ಕೊನೆಗೆ ಕೀಪರಿನ ಮನೆ. ಇಳಿದವನು ಬಾಗಿಲು ಮುಚ್ಚಬೇಕಷ್ಟೆ? ಅದನ್ನು ಹಿಡಿದೇ ನಿಂತು, ನಮ್ಮಲ್ಲಿ ಚಪ್ಪಲಿ ಮೆಟ್ಟಿದ ಮೇಲೆ ಹೊಸಿಲ ಬಳಿ ಶುರುವಾಗುವ ಮಾತಿನಂತೆ, ಅದೇ ಕ್ಯಾಚನ್ನು ನಾಲ್ಕನೆಯ ಬಾರಿ ಹಿಡಿದ. ಗಡಿಯಾರದಲ್ಲಿ ಹನ್ನೆರಡೂವರೆ. ಆ ಸಂಭ್ರಮದಲ್ಲೇ ಪೈ ಕೈಜಾರಿರಬೇಕು. ಕ್ಯಾಚು ಮಾತ್ರ ಜಾರಲಿಲ್ಲ.

ಸೋಮವಾರ ಸಂಜೆ ಬಿಸಿಲಿಗೆ ತಲೆ ಸುಡುತ್ತದೆಂದು ಆ ಟೋಪಿಯನ್ನೇ ಹಾಕಿಕೊಂಡು, ಬಕೆಟ್ಟು ಬ್ರಷ್ಷು ಹಿಡಿದು ಸೀಟು ಉಜ್ಜುತ್ತಿದ್ದೆ. ಬೇಲಿಯಾಚೆ ಗುಲಾಬಿಗೆ ನೀರು ಬಿಡುತ್ತಿದ್ದ ಪಕ್ಕದ ಮನೆಯ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನ ತಲೆಯನ್ನು ನಿಧಾನವಾಗಿ ಓದಿದರು. ನಲ್ಲಿ ನಿಲ್ಲಿಸಿದರು. ಶನಿವಾರ ಮಡ್ಜಿ ಪಟ್ಟಣದಲ್ಲಿ ಮೊಮ್ಮಗಳ ಮದುವೆಯಿದೆಯಂತೆ, ನನಗೆ ಬೇರೆ ಕೆಲಸವೇನಾದರೂ ಇದೆಯೇ ಎಂದು ಕೇಳಿದರು.