ಸತ್ಯಾಂಶ: ನಾಡಿ ನಿಧಾನವಾದಷ್ಟೂ ಆಯಸ್ಸು ಜಾಸ್ತಿಯಾ?

ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವವರ ಫೋನಿಗೂ ಈ ಸಂದೇಶ ಬಂದಿರಬಹುದು: ಹೃದಯಕ್ಕೆ ಇಂತಿಷ್ಟೇ ಬಡಿತ, ನಾಡಿ ನಿಧಾನವಾದಷ್ಟೂ ಆಯಸ್ಸು ಜಾಸ್ತಿ. ಹಾಗೊಂದು ಲೆಕ್ಕ ಇಲ್ಲ. ಇಲಿಯ ಹೃದಯ ವೇಗ, ಆನೆಯದ್ದು ನಿಧಾನ, ಆನೆ ಹೆಚ್ಚು ಬದುಕುತ್ತದೆ, ನಿಜ. ಆದರೆ ಅದು ಬೇರೆ ಬೇರೆ ಜಾತಿಯ ಪ್ರಾಣಿಗಳ ನಡುವಿನ ಹೋಲಿಕೆ, ಮನುಷ್ಯ ಮನುಷ್ಯರ ನಡುವಿನದ್ದಲ್ಲ ಅಲ್ವಾ?

ಬಡಿತ ಹುಟ್ಟುವುದು ಹೃದಯದ ಬಲ ಮೇಲ್ಕೋಣೆಯ ಸೈನಸ್ ನೋಡ್ ಎಂಬ ಪುಟ್ಟ ಜಾಗದಲ್ಲಿ. ಅಲ್ಲಿನ ಜೀವಕೋಶಗಳ ಪೊರೆಯಲ್ಲಿ ಸಣ್ಣ ಬಾಗಿಲುಗಳಿವೆ. ಅವುಗಳ ಮೂಲಕ ಸೋಡಿಯಂ, ಪೊಟ್ಯಾಸಿಯಂನಂಥ ಲವಣಗಳ ಕಣಗಳು ಹಾದಾಗ ವಿದ್ಯುತ್ ಮಿಡಿತ ಏಳುತ್ತದೆ. ಇಂಥ ಒಂದು ಬಾಗಿಲಿನ ನಕ್ಷೆ ಎಚ್‌ಸಿಎನ್4 ಎಂಬ ಜೀನ್. ಅದರಲ್ಲಿ ದೋಷವಿದ್ದರೆ ನಿಧಾನ ನಾಡಿ ಕುಟುಂಬದಲ್ಲೇ ಹರಿದು ಬರಬಹುದು. ವಯಸ್ಸು, ಥೈರಾಯ್ಡ್ ಕೊರತೆ, ಕೆಲವು ಬಿಪಿ ಮಾತ್ರೆಗಳೂ ಕಾರಣವಾಗುತ್ತವೆ.

ಬಡಿತ ನಿಮಿಷಕ್ಕೆ 60ಕ್ಕಿಂತ ಕಡಿಮೆಯಾದರೆ ಬ್ರಾಡಿಕಾರ್ಡಿಯಾ, ಅಂದರೆ ನಿಧಾನ ನಾಡಿ. ದಿನಾ ಓಡುವವರಿಗೆ 50 ಇದ್ದರೂ ಅದು ಸಹಜವಿರಬಹುದು. ತಲೆಸುತ್ತು, ಎಚ್ಚರ ತಪ್ಪುವುದು ಇದ್ದರೆ ಮಾತ್ರ ಸುಮ್ನೆ ಕೂರಬೇಡಿ, ಇಸಿಜಿ ಮಾಡಿಸಿ.

ನಾಡಿ ನೀವೇ ನೋಡಬಹುದು. ಐದು ನಿಮಿಷ ಕೂತು, ಮಣಿಕಟ್ಟಿನಲ್ಲಿ 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಸಂದೇಶವನ್ನೂ ಹಾಗೆಯೇ ನೋಡಿ: ಬರೆದವರು ಯಾರು, ಯಾವ ಅಧ್ಯಯನ, ಮನುಷ್ಯರ ಮೇಲೆ ನಡೆದದ್ದಾ? ಕಳುಹಿಸಿದವರು ಕಾಳಜಿಯಿಂದಲೇ ಕಳುಹಿಸಿರುತ್ತಾರೆ, ಅವರನ್ನೂ ಇದನ್ನೇ ಮೆಲ್ಲಗೆ ಕೇಳಬಹುದು.