ಮೆಡುಲ್ಲಾ ಯಾಕೆ ಯಾವಾಗಲೂ ಕೊನೆಗೆ?

ನವೆಂಬರ್ 21ಕ್ಕೆ ಬ್ಯೋರ್ಕ್‌ಗೆ 60 ತುಂಬಿತು. ಐಸ್‌ಲ್ಯಾಂಡಿನ ಹಾಡುಗಾರ್ತಿ. ಆಕೆಯ ಹುಟ್ಟುಹಬ್ಬಕ್ಕೆ ಕಲಬುರಗಿಯ ಒಂದು ಮಾಳಿಗೆಯ ಮೇಲೆ ನಾವು ಐದು ಜನ ಸೇರಿ, ಮಿರ್ಚಿ ಭಜಿ ತಿನ್ನುತ್ತಾ ರಾತ್ರಿ ಒಂದರ ತನಕ ಜಗಳಾಡಿದೆವು. ಇದು ಆರನೇ ವರ್ಷ. ಪ್ರತಿ ಸಲ ಒಂದೇ ಕೆಲಸ. ಆಕೆಯ ಹಾಡುಗಳಲ್ಲಿ ಹತ್ತನ್ನು ಆರಿಸಬೇಕು, ಒಂದರಿಂದ ಹತ್ತರವರೆಗೆ ಜೋಡಿಸಬೇಕು. ಐದೂ ಜನ ಒಪ್ಪಬೇಕು. ಒಪ್ಪುವ ತನಕ ಯಾರೂ ಮನೆಗೆ ಹೋಗುವಂತಿಲ್ಲ.

ಈ ಸಲ ಆಕೆಯ 'ಮೆಡುಲ್ಲಾ' ಆಲ್ಬಮ್ ಸಲುವಾಗಿ ಒಪ್ಪಲಿಲ್ಲ. ಹಾಗೇ ಎದ್ದು ಹೋದೆವು. ನನಗೆ ಇನ್ನೂ ಸಮಾಧಾನವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೇಳಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬ್ಯೋರ್ಕ್ ಹನ್ನೊಂದನೇ ವಯಸ್ಸಿಗೇ ಮೊದಲ ಆಲ್ಬಮ್ ಹಾಡಿದವಳು. ಆಮೇಲೆ ಬ್ಯಾಂಡುಗಳು, ಆಮೇಲೆ 1993ರಲ್ಲಿ 'ಡೆಬ್ಯೂ'. ಅಲ್ಲಿಂದ ಶುರುವಾದ ದಾರಿ 2022ರ 'ಫೊಸೋರಾ' ತನಕ ಬಂದಿದೆ. ಒಂದು ಆಲ್ಬಮ್ ಗೆದ್ದಿತು ಅಂತ ಅದೇ ಅಚ್ಚಿನಲ್ಲಿ ಇನ್ನೊಂದನ್ನು ಒತ್ತುವವಳಲ್ಲ. 'ಹೋಮೊಜೆನಿಕ್'ನಲ್ಲಿ ಎಂಟು ತಂತಿವಾದ್ಯಗಳ ಮೇಳದ ಕೆಳಗೆ ಜ್ವಾಲಾಮುಖಿಯಂಥ ಕಂಪ್ಯೂಟರ್ ತಾಳ ಇಟ್ಟಳು. 2011ರ 'ಬಯೋಫಿಲಿಯಾ'ದಲ್ಲಿ ಹಾಡಿಗೊಂದು ಆ್ಯಪ್ ಮಾಡಿಸಿದಳು, ಕರೆಂಟಿನ ಕಿಡಿಯನ್ನೇ ವಾದ್ಯ ಮಾಡಿಕೊಂಡಳು. ಇಂಥವಳ ಹಾಡುಗಳನ್ನು ಒಂದು, ಎರಡು, ಮೂರು ಅಂತ ಜೋಡಿಸುವುದು ಸುಲಭ ಅಲ್ಲ. ಜೋಳ, ತೊಗರಿ, ಕಡಲೆ ಮೂರನ್ನೂ ಒಂದೇ ಸೇರಿನಲ್ಲಿ ಅಳೆಯಬಹುದು, ರುಚಿ ಹೇಗೆ ಅಳೆಯುತ್ತೀರಿ?

ಆದರೂ ಪಟ್ಟಿ ಬೇಕು ಅನ್ನುವವನು ನಾನು. 'ಹಾಡಿಗೆ ನಂಬರ್ ಕೊಡುವುದು ತಪ್ಪು, ಸುಮ್ನೆ ಕೇಳಬೇಕು' ಅನ್ನುವವರನ್ನು ನಾನು ಒಪ್ಪುವುದಿಲ್ಲ. ಸುಮ್ನೆ ಕೇಳಿದರೆ ಇಷ್ಟ ಆಯ್ತು ಅನ್ನುತ್ತೇವೆ, ಮುಂದೆ ಹೋಗುತ್ತೇವೆ. ಇದು ನಾಲ್ಕನೆಯದು, ಅದು ಐದನೆಯದು ಅಂತ ಹೇಳಬೇಕಾದಾಗ ಮಾತ್ರ ಎರಡನ್ನೂ ಮತ್ತೊಮ್ಮೆ ಹಚ್ಚುತ್ತೇವೆ. ಎಲ್ಲಿ ಮೈ ಜುಂ ಅಂದಿತು, ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು ಅಂತ ನೋಡುತ್ತೇವೆ.

ನಮಗೆ ಈ ಹುಚ್ಚು ಹಚ್ಚಿದ್ದು ದರ್ಗಾ ಕಡೆಯ ಭಾಯ್. ಹೈದರಾಬಾದಿನಲ್ಲಿ ಓದುವಾಗ ಹಾಸ್ಟೆಲ್‌ನಲ್ಲಿ ಯಾರಿಂದಲೋ ಒಂದು ಪೆನ್‌ಡ್ರೈವ್ ತುಂಬಿಸಿಕೊಂಡು ಬಂದಿದ್ದರು. ಅದರಲ್ಲಿ 'ವೆಸ್ಪರ್ಟೈನ್' ಇತ್ತು. ನನ್ನ ಹತ್ತಿರ ಆಗ ಇದ್ದದ್ದು ಒಂದು ಸಣ್ಣ ಮೊಬೈಲ್. ಅದರ ಸ್ಪೀಕರ್‌ನಲ್ಲೇ ಕೇಳಿದೆ, ಎಲ್ಲಾ ಸ್ಪಷ್ಟವಾಗಿ ಕೇಳಿಸಿತು. ಹೇಗೆ ಅಂತ ಆಮೇಲೆ ಗೊತ್ತಾಯಿತು. ಆ ಆಲ್ಬಮ್ ಮಾಡುವಾಗ, ಇಂಟರ್ನೆಟ್‌ನಿಂದ ಇಳಿಸಿಕೊಂಡು ಕೇಳಿದರೂ ಕೆಡದಂಥ ಸದ್ದುಗಳನ್ನೇ ಆಕೆ ಹುಡುಕಿದ್ದಳಂತೆ. ಹಾರ್ಪ್, ಮ್ಯೂಸಿಕ್ ಬಾಕ್ಸ್, ಇಸ್ಪೀಟ್ ಎಲೆ ಕಲೆಸುವ ಸದ್ದು. 'ಅರೋರಾ' ಹಾಡಿನಲ್ಲಿ ಯಾರೋ ಹಿಮ ತುಳಿದುಕೊಂಡು ನಡೆಯುತ್ತಾರೆ. ಅದನ್ನು ನಾನು ಮೊದಲು ಕೇಳಿದ್ದು ಮೇ ತಿಂಗಳಲ್ಲಿ. ಹೊರಗೆ 43 ಡಿಗ್ರಿ ಬಿಸಿಲು ಬಿದ್ದ ದಿನ, ರಾತ್ರಿ ಮಾಳಿಗೆಗೆ ನೀರು ಚಿಮುಕಿಸಿ ಮಲಗಿದ್ದೆ. ಹಿಮ ನೋಡದ ನನಗೆ ಕಾಲಡಿ ಕರಕರ ಅಂದಿತು. ಆ ಹಾಡು ಆರು ವರ್ಷವೂ ನನ್ನ ಪಟ್ಟಿಯಲ್ಲಿ ಮೂರನೇ ಜಾಗ ಬಿಟ್ಟಿಲ್ಲ. ಬಿಡುವುದೂ ಇಲ್ಲ.

ಪಟ್ಟಿಯ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. 2002ರಲ್ಲಿ ಆಕೆಯ 'ಗ್ರೇಟೆಸ್ಟ್ ಹಿಟ್ಸ್' ಬಂತು. ಅದರಲ್ಲಿನ ಹಾಡುಗಳನ್ನು ಆರಿಸಿದ್ದು ಅಭಿಮಾನಿಗಳು, ವೋಟು ಹಾಕಿ. ಅದೇ ಹೊತ್ತಿಗೆ 'ಫ್ಯಾಮಿಲಿ ಟ್ರೀ' ಅಂತ ಸಿಡಿಗಳ ಒಂದು ಪೆಟ್ಟಿಗೆಯೂ ಬಂತು. ಅದರಲ್ಲಿ ಇನ್ನೊಂದು ಗ್ರೇಟೆಸ್ಟ್ ಹಿಟ್ಸ್ ಇದೆ, ಅದು ಬ್ಯೋರ್ಕ್ ತಾನೇ ಆರಿಸಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 'ಹೈಪರ್‌ಬ್ಯಾಲಡ್', 'ಯೋಗಾ', 'ಬ್ಯಾಚಲರೆಟ್', 'ಪೇಗನ್ ಪೊಯೆಟ್ರಿ' ಎರಡರಲ್ಲೂ ಇವೆ. ಆದರೆ ಅಭಿಮಾನಿಗಳು ಎತ್ತಿ ಹಿಡಿದ 'ಆರ್ಮಿ ಆಫ್ ಮಿ' ಆಕೆಯ ಪಟ್ಟಿಯಲ್ಲಿ ಇಲ್ಲ. 'ಹ್ಯೂಮನ್ ಬಿಹೇವಿಯರ್' ಕೂಡ ಇಲ್ಲ. ಬದಲಿಗೆ 'ಅನ್‌ರಾವೆಲ್'ನಂಥ, ಯಾವತ್ತೂ ಸಿಂಗಲ್ ಆಗಿ, ಅಂದರೆ ಬಿಡಿಯಾಗಿ, ಬರದ ಹಾಡು ಇದೆ. ಇನ್ನೂ ಮಜಾ ಅಂದರೆ, ಇಂಗ್ಲೆಂಡಿನಲ್ಲಿ ಆಕೆಯ ಹಾಡುಗಳಲ್ಲೇ ಅತಿ ಮೇಲೆ ಏರಿದ 'ಇಟ್ಸ್ ಓ ಸೋ ಕ್ವೈಟ್' ಎರಡರಲ್ಲೂ ಇಲ್ಲ. ಅದು ಹಳೆಯ ಹಾಡೊಂದನ್ನು ಆಕೆ ಮತ್ತೆ ಹಾಡಿದ್ದು. ಜಾಸ್ತಿ ಓಡಿದ ಹಾಡನ್ನು ಹಾಡಿದವಳೂ ಬಿಟ್ಟಳು, ಕೇಳಿದವರೂ ಬಿಟ್ಟರು. ಪಟ್ಟಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ?

ಇನ್ನು ನಮ್ಮ ಮಾಳಿಗೆಗೆ ಬರುತ್ತೇನೆ.

ಮೊದಲನೇ ಜಾಗದ ಬಗ್ಗೆ ಜಗಳ ಇಲ್ಲ. 'ಹೈಪರ್‌ಬ್ಯಾಲಡ್'. ಬೆಟ್ಟದ ತುದಿಯ ಮನೆ, ಪ್ರೀತಿಸಿದವನು ಇನ್ನೂ ಮಲಗಿದ್ದಾನೆ. ಈಕೆ ನಸುಕಿನಲ್ಲಿ ಎದ್ದು ಕೈಗೆ ಸಿಕ್ಕ ಸಣ್ಣಪುಟ್ಟ ಸಾಮಾನುಗಳನ್ನು ಕಮರಿಗೆ ಎಸೆಯುತ್ತಾಳೆ, ಬಿದ್ದ ಸದ್ದು ಕೇಳುತ್ತಾಳೆ. ಆಮೇಲೆ ವಾಪಸ್ ಬಂದು ಅವನ ಪಕ್ಕ ನೆಮ್ಮದಿಯಿಂದ ಇರುತ್ತಾಳೆ. ಸಂಸಾರ ಮಾಡಿದ ಯಾರಿಗಾದರೂ ಇದು ತಿಳಿಯುತ್ತದೆ. ಎರಡನೆಯದು 'ಯೋಗಾ'. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ಸೀಸನ್‌ನಲ್ಲಿ ದಿನವಿಡೀ ಮಷಿನ್ ಸದ್ದಿನಲ್ಲೇ ಇರುತ್ತೇನೆ. ಆ ಹಾಡಿನ ನಡುವೆ ತಾಳ ಒಡೆದು ಚೂರಾಗುತ್ತದಲ್ಲ, ಅದು ನನಗೆ ಮೊದಲ ಸಲವೇ ದಕ್ಕಿತು.

ನಮ್ಮ ಅಕ್ಕ ಒಬ್ಬರಿದ್ದಾರೆ, ನರ್ಸ್. ಡ್ಯೂಟಿ ಮುಗಿಸಿ ಹತ್ತು ಗಂಟೆಗೆ ಬಂದರು. ಅವರದು ಯಾವಾಗಲೂ 'ಬ್ಲ್ಯಾಕ್ ಲೇಕ್'. 2015ರ ಹಾಡು, ಸಂಸಾರ ಮುರಿದಾಗ ಬರೆದದ್ದು, ಹತ್ತು ನಿಮಿಷ. ನುಡಿ ಮುಗಿದ ಮೇಲೆ ಪಿಟೀಲುಗಳು ಒಂದೇ ಸ್ವರಗುಚ್ಛವನ್ನು ಹಿಡಿದು ನಿಂತುಬಿಡುತ್ತವೆ. ಹಾಡು ಕೆಟ್ಟು ನಿಂತಿತೇನೋ ಅನ್ನಿಸುವಷ್ಟು ಹೊತ್ತು. 'ಅಲ್ಲೇ ನೋಡು ತಮ್ಮಾ ನಂಗ ಉಸಿರು ವಾಪಸ್ ಬರ್ತದ' ಅಂದರು ಅಕ್ಕ. ನಾವು ಅದನ್ನು ನಾಲ್ಕಕ್ಕೆ ಬರೆದುಕೊಂಡೆವು. ಯಾರೂ ಎದುರು ಮಾತಾಡಲಿಲ್ಲ.

ಜಗಳ ಶುರುವಾಗಿದ್ದು 'ವೀನಸ್ ಆ್ಯಸ್ ಎ ಬಾಯ್'ನಿಂದ. ಅದರಲ್ಲಿ ತಲ್ವಿನ್ ಸಿಂಗ್ ತಬಲಾ ಇದೆ, ಪಿಟೀಲುಗಳನ್ನು ಬಾಂಬೆಯಲ್ಲಿ ಸಿನಿಮಾ ವಾದ್ಯದವರ ಕೈಲಿ ನುಡಿಸಿದ್ದಾರೆ. ಭಾಯ್ ಅದನ್ನು ಎರಡರಲ್ಲಿ ಇಡಬೇಕು ಅಂದರು. ನಾನು ಆರು ಅಂದೆ.

'ಯಾನ್ ಮಾತಾಡ್ಲತ್ತಿ ನೀ? ಬಂಬೈದಾಗ ಆದ ಹಾಡು, ಆರಕ್ಕ ಹ್ಯಾಂಗ ಇಡ್ತಿ?'

'ಭಾಯ್, ಬಂಬೈಗೆ ಎಷ್ಟು ಮಾರ್ಕ್ಸು, ಹಾಡಿಗೆ ಎಷ್ಟು ಮಾರ್ಕ್ಸು, ಬ್ಯಾರೆ ಬ್ಯಾರೆ ಹೇಳ್ರಿ.'

ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಹಾಡು ಹಚ್ಚಿ, ಆ ಪಿಟೀಲುಗಳು ಸ್ವರದಿಂದ ಸ್ವರಕ್ಕೆ ಜಾರುವ ಜಾಗಗಳನ್ನು ಬೆರಳು ಎತ್ತಿ ಎತ್ತಿ ತೋರಿಸಿದರು. ಲಂಡನ್ನಿನವರು ಹೀಗೆ ಜಾರುತ್ತಿರಲಿಲ್ಲ, ಅದಕ್ಕೇ ಆ ಹಾಡು ಅಷ್ಟು ಮೆತ್ತಗಿದೆ ಅಂದರು. ಅದು ನಿಜವಾದ ಕಾರಣ. ನಾನು ಐದಕ್ಕೆ ಬಂದೆ. ತಬಲಾ ನಮ್ಮದು ಅನ್ನುವ ಹೆಮ್ಮೆಗೆ ಬರಲಿಲ್ಲ, ಅವರ ಕಿವಿಗೆ ಬಂದೆ.

ಆಗ ನಾನು 'ಮೆಡುಲ್ಲಾ' ಎತ್ತಿದೆ. ಜಗಳ ಕೆಟ್ಟದ್ದು ಅಲ್ಲಿ.

'ಮೆಡುಲ್ಲಾ' 2004ರ ಆಲ್ಬಮ್. ಹೆಸರಿನ ಅರ್ಥ ಎಲುಬಿನೊಳಗಿನ ಮಜ್ಜೆ. ವಾದ್ಯಗಳನ್ನು ಆಕೆ ಹೆಚ್ಚುಕಡಿಮೆ ಎಲ್ಲಾ ಬದಿಗಿಟ್ಟಳು. ತಾಳ, ಶ್ರುತಿ, ಹಿಮ್ಮೇಳ, ಬಹುಪಾಲು ಮನುಷ್ಯರ ಗಂಟಲಿಂದಲೇ. ಬಾಯಲ್ಲೇ ತಾಳ ಹಾಕುವ ರಾಝೆಲ್, ಜಪಾನಿನ ಡೊಕಾಕಾ, ಗಂಟಲು ಹಾಡಿನ, ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ಹೆಣ್ಣುಮಗಳು ತಾನ್ಯಾ ತಗಾಕ್, ಹಾಡುಗಾರರಾದ ಮೈಕ್ ಪ್ಯಾಟನ್, ರಾಬರ್ಟ್ ವೈಯಟ್, ಜೊತೆಗೆ ಐಸ್‌ಲ್ಯಾಂಡಿನ ಗುಂಪು ಹಾಡುಗಾರರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್ ಶುರುವಿನ ದಿನ ಆಕೆ ಹಾಡಿದ 'ಓಶಾನಿಯಾ' ಇದರದ್ದೇ. ಅವತ್ತು ಆಕೆಯ ಬಟ್ಟೆ ಬಿಚ್ಚಿಕೊಳ್ಳುತ್ತಾ ಹೋಗಿ ಆಟಗಾರರ ತಲೆಯ ಮೇಲೆಲ್ಲಾ ಹರಡಿತ್ತು.

ನಮ್ಮ ಆರು ವರ್ಷದ ಪಟ್ಟಿಗಳಲ್ಲಿ ಈ ಆಲ್ಬಮ್ಮಿನ ಒಂದು ಹಾಡೂ ಇಲ್ಲ. ಒಂದೂ. ಒಂದು ವರ್ಷ ಹಾಡುಗಳ ಜೊತೆ ಆಲ್ಬಮ್‌ಗಳ ಪಟ್ಟಿಯನ್ನೂ ಮಾಡಿದ್ದೆವು, ಅದರಲ್ಲಿ ಇದನ್ನು ಕೊನೆಗೆ ಹಾಕಿದ್ದೆವು. ನಾನು ಕೇಳಿದೆ: ಮೊದಲಿನಿಂದ ಕೊನೆಯವರೆಗೆ, ಹಾಡು ದಾಟಿಸದೆ, ಯಾರು ಕೇಳಿದ್ದೀರಿ? ಐದರಲ್ಲಿ ಎರಡು ಕೈ ಎದ್ದವು. ಅದರಲ್ಲಿ ಒಂದು ನನ್ನದು. ಎಂಜಿನಿಯರಿಂಗ್ ಓದುವ ಯಾದಗಿರಿಯ ಹುಡುಗ ನೇರವಾಗಿ ಹೇಳಿದ. 'ಖರೇ ಹೇಳ್ತೀನಣ್ಣ, ಎಲ್ಲಾರೂ ಕೊನೀಗಿ ಇಟ್ಟಾರ ಅಂತ ನಾನೂ ಇಟ್ಟೀನಿ.'

ನನಗೆ ಬೇಜಾರಾಗಿದ್ದು ಇಲ್ಲೇ. ಹಾಡು ಹಿಡಿಸಲಿಲ್ಲ ಅಂದರೆ ನನ್ನ ತಕರಾರಿಲ್ಲ. ಆದರೆ ಎಲ್ಲೋ ಕೂತವರು ಮಾಡಿದ ಸಾಲನ್ನು ನೋಡಿ ನಾವು ನಮ್ಮ ಸಾಲು ಮಾಡುವುದು ಯಾಕೆ? ಅದೂ ಈ ಆಲ್ಬಮ್ ವಿಷಯದಲ್ಲಿ. ಇದನ್ನು ಕೇಳುವ ಕಿವಿ ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಬಂದಿದೆ ಅಂತ ನಾನು ನಂಬುತ್ತೇನೆ.

ನನ್ನ ಊರು ಆಳಂದ ಕಡೆ. ನಾನು ಏಳೆಂಟು ವರ್ಷದವನಿದ್ದಾಗ ಮುತ್ಯಾ, ಅಂದರೆ ಅಜ್ಜ, ಕಣದಲ್ಲಿ ಹಂತಿ ಹೊಡೆಯುತ್ತಿದ್ದ. ನಡುವೆ ಮೇಟಿ, ಸುತ್ತ ಎತ್ತುಗಳು, ಕಾಲಡಿ ಜೋಳದ ತೆನೆ. ಬೆಳದಿಂಗಳ ರಾತ್ರಿ. ನಿದ್ದೆ ಬರಬಾರದು ಅಂತ ಹಂತಿ ಪದ. ವಾದ್ಯ ಒಂದೂ ಇಲ್ಲ. ಮುತ್ಯಾ ಒಂದು ಸಾಲು ಎತ್ತಿಕೊಟ್ಟರೆ, ಕಣದ ಆಚೆ ಬದಿಯವರು ಅದರ ಬಾಲ ಹಿಡಿದು ಎಳೆಯುತ್ತಿದ್ದರು. ಸಾಲು ಮುಗಿದ ಮೇಲೆ ಉದ್ದಕ್ಕೆ ಒಂದು 'ಹೋ'. ನಡುನಡುವೆ ಎತ್ತಿಗೆ ನಾಲಿಗೆಯಲ್ಲಿ ಲೊಚಗುಟ್ಟುವ ಸದ್ದು, ಅದೂ ತಾಳಕ್ಕೆ ಸರಿಯಾಗಿ. ಮುತ್ಯಾ ಉಸಿರು ಎಳೆದುಕೊಳ್ಳುವುದು ನನಗೆ ಕಣದ ಅಂಚಿನಲ್ಲಿ ಕೌದಿ ಹೊದ್ದು ಮಲಗಿದಲ್ಲಿಗೂ ಕೇಳಿಸುತ್ತಿತ್ತು. ಆ ಉಸಿರು ಪದದ ಹೊರಗಿನದು ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಆಮೇಲೆ ರಾಶಿ ಮಷಿನ್ ಬಂತು. ಒಂದೇ ದಿನದಲ್ಲಿ ರಾಶಿ ಮುಗಿಯತೊಡಗಿತು. ಹಾಡಲಿಕ್ಕೆ ರಾತ್ರಿಯೇ ಉಳಿಯಲಿಲ್ಲ.

ಬಹಳ ವರ್ಷದ ಮೇಲೆ 'ಮೆಡುಲ್ಲಾ'ದಲ್ಲಿ 'ಅನ್ಸೆಸ್ಟರ್ಸ್' ಕೇಳಿದೆ. ಅದರಲ್ಲಿ ಪದಗಳೇ ಇಲ್ಲ. ಉಸಿರು ಎಳೆಯುವುದು, ಬಿಡುವುದು, ಗಂಟಲ ಆಳದಿಂದ ಏಳುವ ಗರಗರ, ಜೊತೆಗೆ ಎಲ್ಲೋ ಪಿಯಾನೊ. ಭಾಯ್ ಅದನ್ನು ಮೊದಲ ಸಲ ಕೇಳಿ 'ಇದು ಹಾಡೇನೋ?' ಅಂದಿದ್ದರು. ನಾನು ಎದ್ದು ಕೂತಿದ್ದೆ. ಮುತ್ಯಾ ಹಾಡಿದ್ದೂ ಬ್ಯೋರ್ಕ್ ಹಾಡಿದ್ದೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆತನದು ಕೆಲಸದ ಪದ, ಈಕೆಯದು ಸ್ಟುಡಿಯೋದಲ್ಲಿ ಎಳೆ ಎಳೆಯಾಗಿ ಹೆಣೆದದ್ದು. ಆದರೆ ಗಂಟಲು ಒಂದಿದ್ದರೆ ಸಾಕು, ಅಲ್ಲೇ ತಾಳ, ಅಲ್ಲೇ ಹಿಮ್ಮೇಳ ಅನ್ನುವುದು ನನಗೆ ಹೊಸದಾಗಿರಲಿಲ್ಲ. ಬೀಸುವ ಪದ ಕೇಳಿದ ಮನೆಯವರಿಗೆ ಹೊಸದಾ? ಮೊಹರಂನಲ್ಲಿ ಕಿವಿಗೆ ಕೈ ಹಚ್ಚಿ ರಿವಾಯತ್ ಪದ ಎತ್ತುವವರನ್ನು ಕಂಡವರಿಗೆ ಹೊಸದಾ?

ಬೀದರಿನ ಗೆಳೆಯ ಇದಕ್ಕೆ ಒಪ್ಪಲಿಲ್ಲ. ಕೈ ಎತ್ತಿದ ಇನ್ನೊಬ್ಬ ಅವನೇ, ಹಾಗಾಗಿ ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಅವನ ವಾದ ಹೀಗಿತ್ತು. ನಿಮ್ಮ ಮುತ್ಯಾನ ನೆನಪು ನಿಮ್ಮದು, ಅದಕ್ಕೂ ಹಾಡಿಗೂ ಸಂಬಂಧವಿಲ್ಲ. ಭಾಯ್ ತಬಲಾಕ್ಕೆ ಮಾರ್ಕ್ಸ್ ಕೊಟ್ಟರೆ ತಪ್ಪು ಅಂದಿರಿ, ನೀವು ಹಂತಿ ಪದಕ್ಕೆ ಕೊಡುತ್ತಿದ್ದೀರಿ. ಮತ್ತೆ ಈ ಆಲ್ಬಮ್ ದಣಿಸುತ್ತದೆ. ದುಡಿದು ಬಂದ ಮನುಷ್ಯನಿಗೆ ಹಾಡು ದಣಿವು ಕಳೆಯಬೇಕು.

ಮೊದಲ ಮಾತು ನನಗೆ ತಾಗಿತು. ಎರಡು ದಿನ ಅದನ್ನೇ ಯೋಚಿಸಿದೆ. ಗಂಟಲು ಹಾಡು ಅಂತ ಸುಮ್ನೆ ಅಂಕ ಕೊಟ್ಟಿದ್ದರೆ ಇಡೀ ಆಲ್ಬಮ್ ಮೇಲೆ ಹೋಗಬೇಕಿತ್ತು. ಹಾಗಿಲ್ಲ. 'ಸಬ್‌ಮರೀನ್' ನನಗೆ ಇವತ್ತಿಗೂ ಹತ್ತಿಲ್ಲ. 'ವೇರ್ ಈಸ್ ದ ಲೈನ್' ಅರ್ಧಕ್ಕೇ ನನ್ನನ್ನು ಹೊರಗೆ ಹಾಕುತ್ತದೆ. ಆದರೆ 'ಶೋ ಮಿ ಫರ್ಗಿವ್‌ನೆಸ್' ಒಂದೂವರೆ ನಿಮಿಷವೂ ಇಲ್ಲ, ಒಂಟಿ ದನಿ, ಹಿಂದೆ ಏನೂ ಇಲ್ಲ. ಅದರ ಮುಂದೆ ನಮ್ಮ ಪಟ್ಟಿಯ ಹತ್ತನೇ ಹಾಡು ನಿಲ್ಲುವುದಿಲ್ಲ. 'ವೋಕುರೋ' ಐಸ್‌ಲ್ಯಾಂಡಿನ ಭಾಷೆಯಲ್ಲಿದೆ. ಒಂದು ಪದವೂ ತಿಳಿಯದೆ ನನ್ನ ಮಗಳಿಗೆ ಅದನ್ನು ಹಚ್ಚಿ ಎಷ್ಟೋ ರಾತ್ರಿ ಮಲಗಿಸಿದ್ದೇನೆ. ಇವಕ್ಕೆ ಮುತ್ಯಾನ ಶಿಫಾರಸು ಬೇಕಾಗಿಲ್ಲ.

ಎರಡನೆಯದಕ್ಕೆ ಅವನಿಗೇ ನೆನಪಿಸುತ್ತೇನೆ. 'ಹೈಪರ್‌ಬ್ಯಾಲಡ್' ಮೊದಲು ಕೇಳಿದಾಗ 'ಯಾನಿದು ಟಿಕ್ ಟಿಕ್, ತೆಗೀರಿ' ಅಂದವನು ಇದೇ ಬೀದರಿನವನು. ಆಮೇಲೆ ಹೈದರಾಬಾದ್ ಬಸ್ಸಿನಲ್ಲಿ ಇಯರ್‌ಫೋನ್ ಹಂಚಿಕೊಂಡು ಎಷ್ಟು ಸಲ ಕೇಳಿದೆವು, ನೆನಪಿದೆಯಾ? ಆ ಹಾಡಿಗೆ ಕೊಟ್ಟ ಪುರುಸೊತ್ತನ್ನು ಇದಕ್ಕೂ ಕೊಡು. ನಾನು ಕೇಳುತ್ತಿರುವುದು ಇಷ್ಟೇ. ಪಟ್ಟಿಯಲ್ಲಿ ಜಾಗ ಆಮೇಲೆ ನೋಡೋಣ.

ನಮ್ಮ ಗುಂಪಿನಲ್ಲಿ ಮಾತಾಡಿಕೊಂಡಿದ್ದೇವೆ. ಬರುವ ಭಾನುವಾರ ಸಂಜೆ ಮತ್ತೆ ಅದೇ ಮಾಳಿಗೆ. 'ಮೆಡುಲ್ಲಾ' ಮೊದಲಿನಿಂದ ಕೊನೆಯ 'ಟ್ರಯಂಫ್ ಆಫ್ ಎ ಹಾರ್ಟ್' ತನಕ, ಸುಮಾರು 45 ನಿಮಿಷ. ಹಾಡು ದಾಟಿಸುವಂತಿಲ್ಲ, ನಡುವೆ ಮಾತಿಲ್ಲ, ಮೊಬೈಲ್ ಕೆಳಗೆ ಬಿಟ್ಟು ಬರಬೇಕು. ಅಕ್ಕನಿಗೆ ಅವತ್ತು ಡ್ಯೂಟಿ ಇಲ್ಲ. ಭಾಯ್ ದೊಡ್ಡ ಸ್ಪೀಕರ್ ತರುತ್ತೇನೆ ಅಂದಿದ್ದಾರೆ. ಬೀದರಿನವನು ಬರುತ್ತಾನೋ ಇಲ್ಲವೋ ಇನ್ನೂ ಹೇಳಿಲ್ಲ. ಕಲಬುರಗಿಯಲ್ಲಿ ಇದನ್ನು ಓದುತ್ತಿರುವವರು ಯಾರಾದರೂ ಬರುವುದಿದ್ದರೆ ನನಗೆ ಮೆಸೇಜ್ ಮಾಡಿ. ನಿಮ್ಮ ಹತ್ತನ್ನೂ ಬರೆದುಕೊಂಡು ಬನ್ನಿ, ಆದರೆ ಪೆನ್ಸಿಲ್‌ನಲ್ಲಿ.